ಮನೆಗೆ ಬಂದ ಪದ

ಜೂನ್ ೩, ಸೋಮವಾರ

ಬಸ್ಸಿನಲ್ಲಿ ಇವತ್ತೂ ಕಿಟಕಿ ಸೀಟು ಸಿಗಲಿಲ್ಲ. ಆಫೀಸಿನ ಮೇಜಿನ ಮೇಲೆ ಹೊಸ ಕಟ್ಟು ಕಾದು ಕೂತಿತ್ತು. ‘ಎನ್’ ಮುಗಿಯಿತು, ‘ಓ’ ಶುರು. ಶಾಲೆ ಮಕ್ಕಳ ಇಂಗ್ಲಿಷ್–ಕನ್ನಡ ನಿಘಂಟು ಎಂದರೆ ಹಗುರವಾದ ಕೆಲಸ ಎಂದು ಹೊರಗಿನವರು ತಿಳಿಯುತ್ತಾರೆ. ತಿಳಿಯಲಿ. ‘ಓಕ್’, ‘ಓತ್’, ‘ಒಬೇ’ ಎಲ್ಲ ಊಟದ ಹೊತ್ತಿಗೆ ದಡ ಸೇರಿದವು. ‘ಆಬ್ಲಿವಿಯಸ್’ ಹತ್ತಿರ ಗಾಡಿ ನಿಂತಿತು.

ಅರ್ಥ ಗೊತ್ತಿಲ್ಲವೆಂದಲ್ಲ. ಇಂಗ್ಲಿಷ್ ಮೀಡಿಯಂನಲ್ಲಿ ಓದಿದವಳು. ಆ ಪದ ನನಗೆ ಹಳೆ ಚಪ್ಪಲಿಯಷ್ಟು ಸಲೀಸು. ಕನ್ನಡಕ್ಕೆ ತರುವಾಗಲೇ ಕಾಲು ಕಚ್ಚುವುದು. ‘ಅರಿವಿಲ್ಲದ’ — ಭಾಷಣದ ವಾಸನೆ. ‘ಗಮನವಿಲ್ಲದ’ — ಪ್ರೋಗ್ರೆಸ್ ರಿಪೋರ್ಟು. ‘ಗೊತ್ತಿಲ್ಲದ’ — ತೀರಾ ಬಡಕಲು. ‘ಪರಿವೆಯಿಲ್ಲದ’ — ಹತ್ತಿರ ಬಂತು. ‘ಮೈಮರೆತ’ — ಇದು ಚೆಂದ. ಆದರೆ ಇದೇ ಹೌದಾ?

ನಮ್ಮ ಸಂಪಾದಕರದ್ದೊಂದು ಪದ್ಧತಿ ಇದೆ. ಜಗ್ಗದ ಪದವನ್ನು ಮನೆಗೆ ಕರೆದುಕೊಂಡು ಹೋಗಬೇಕು. ಒಂದು ವಾರ ಜೊತೆಗಿಟ್ಟುಕೊಳ್ಳಬೇಕು. ಉದಾಹರಣೆ ವಾಕ್ಯ ಆ ವಾರ ಕಣ್ಣಾರೆ ಕಂಡದ್ದೇ ಆಗಿರಬೇಕು, ಕಟ್ಟಿದ್ದಾಗಬಾರದು. ‘ಅವನು ಒಳ್ಳೆಯ ಹುಡುಗ’ ಜಾತಿಯ ವಾಕ್ಯ ಕಂಡರೆ ಅವರಿಗೆ ಮೈ ಉರಿಯುತ್ತದೆ. ಮಾತಿನ ನಡುವೆ ನಿಂತು, ಮುಗಿಯಿತೆಂದು ನಾವು ಎದ್ದಾಗ ಮುಂದುವರಿಸುತ್ತಾರೆ. ಅದಕ್ಕೇ ಅವರಿಗೆ ಬೆನ್ನ ಹಿಂದೆ ‘ಅರ್ಧವಿರಾಮ’ ಎಂದು ಹೆಸರು.

ಹಿಂದಿನ ಸಲ ಮನೆಗೆ ತಂದದ್ದು ‘ನ್ಯಾಗ್’ — ಬಿಡದೆ ಗೊಣಗಿ ಪೀಡಿಸುವುದು. ಉದಾಹರಣೆಗೆ ದೂರ ಹೋಗಬೇಕಾಗಿಲ್ಲ ಎಂದು ಮಗಳು ಹೇಳಿದ್ದಳು. ಈ ಸಲದ ಅತಿಥಿಯನ್ನು ಚೀಟಿಯಲ್ಲಿ ಬರೆದು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದೇನೆ.

ಜೂನ್ ೫, ಬುಧವಾರ

ಉದಾಹರಣೆ ಸಿಕ್ಕಿತು! ಅದೂ ಮನೆಯೊಳಗೇ.

ಸಂಜೆ ಸ್ನಾನಕ್ಕೆ ಹೋಗುವ ಮುಂಚೆ ಕೆಟಲ್ ಒಲೆ ಮೇಲಿಟ್ಟಿದ್ದೆ. ಅದು ಸೀಟಿ ಹಾಕಿತು. ಹಾಕುತ್ತಲೇ ಇತ್ತು. ತಲೆಗೆ ಟವೆಲ್ ಸುತ್ತಿಕೊಂಡು ಓಡಿಬಂದರೆ ಅಡುಗೆಮನೆ ತುಂಬ ಹಬೆ. ಇವರು ಪಕ್ಕದ ಕೋಣೆಯಲ್ಲಿ, ಬಾಗಿಲು ಹಾರುಹೊಡೆದಿದ್ದರೂ, ಒಣಗಿದ ಬಟ್ಟೆ ಮಡಿಸುತ್ತ ಕೂತಿದ್ದಾರೆ. ನಾನು ಎದುರು ನಿಂತ ಮೇಲೆ ತಲೆಯೆತ್ತಿ, ಚಹಾ ಆಯ್ತಾ ಎಂದರು.

ಕೋಪ ಬರಬೇಕಿತ್ತು, ನಗು ಬಂತು. ಇವರ ಮನಸ್ಸು ಯಾವಾಗಲೂ ಮುಂದಿನ ಕೋಣೆಯಲ್ಲೇ. ಅಲ್ಲಿ ಇವರ ಪಿಟೀಲು ರಿಪೇರಿಯ ಸಾಮ್ರಾಜ್ಯ — ತಂತಿ ಕಳಚಿದ ಪಿಟೀಲುಗಳು ಗೋಡೆಗೆ ಸಾಲಾಗಿ ನೇತಾಡುತ್ತವೆ, ಬಿರಡೆಗಳು ಡಬ್ಬಿಯಲ್ಲಿ, ಅಂಟಿಸಲು ಕಾಯಿಸಿದ ಸರೇಸಿನ ವಾಸನೆ ಕಿಟಕಿ ಪರದೆಗೂ ಹತ್ತಿದೆ. ಕೈ ಬಟ್ಟೆ ಮಡಿಸುತ್ತಿದ್ದರೂ ತಲೆ ಯಾವುದೋ ಪಿಟೀಲಿನ ಹೊಟ್ಟೆಯೊಳಗೆ ಇದ್ದಿರಬೇಕು.

ಬರೆದುಕೊಂಡೆ: ‘ಕೆಟಲ್ ಕೂಗುತ್ತಿದ್ದರೂ ಅವನು ಮೈಮರೆತು ಕುಳಿತಿದ್ದ.’

ಚಹಾ ಕುಡಿಯುವಾಗ ಇವರು ಇದ್ದಕ್ಕಿದ್ದಂತೆ, ಈಚೆಗೆ ನಿನಗೆ ಕೆಲಸ ಬೇಜಾರಾಗಿದೆಯಾ ಎಂದು ಕೇಳಿದರು. ಇಲ್ಲವಲ್ಲ, ಯಾಕೆ ಎಂದೆ. ಏನಿಲ್ಲ ಎಂದು ಲೋಟ ತೊಳೆಯಲು ಹೋದರು. ಎಲ್ಲಿಂದ ಬಂತೋ ಆ ಪ್ರಶ್ನೆ.

ಜೂನ್ ೮, ಶನಿವಾರ

ಬಟ್ಟೆ ಇಸ್ತ್ರಿ ಮಾಡುತ್ತ ಪದದ ಬಗ್ಗೆಯೇ ಯೋಚನೆ. ಒಂದು ವಿಚಿತ್ರ ಹೊಳೆಯಿತು. ‘ನನಗೆ ಪರಿವೆ ಇರಲಿಲ್ಲ’ ಎನ್ನಬಹುದು. ‘ಅವನಿಗೆ ಪರಿವೆ ಇಲ್ಲ’ ಎನ್ನಬಹುದು. ಈ ಕ್ಷಣ ನನಗೇ ಪರಿವೆ ಇಲ್ಲ ಎಂದು ಯಾರು ಹೇಳಿಯಾರು? ಹೇಳಿದ ಕೂಡಲೇ ಪರಿವೆ ಬಂದಂತಾಯಿತು. ಅಂದರೆ ಈ ಪದದ ಪಕ್ಕದಲ್ಲಿ ಯಾವಾಗಲೂ ಇನ್ನೊಬ್ಬರು ನಿಂತಿರುತ್ತಾರೆ — ನೋಡುತ್ತ. ವಾಕ್ಯದಲ್ಲಿ ಕಾಣುವುದಿಲ್ಲ, ಆದರೆ ಇರುತ್ತಾರೆ.

ಮಗಳಿಗೆ ಹೇಳಿದೆ. ಕಾಲೇಜು ಸೇರಿದ ಮೇಲೆ ಅವಳಿಗೆ ನನ್ನ ಮಾತೆಲ್ಲ ‘ಹೂಂ ಅಮ್ಮ’. ಹೂಂ ಅಮ್ಮ ಎಂದಳು. ಅವಳ ಫೋನು ಊಟದ ಮೇಜಿನ ಮೇಲೆ ಸೊಳ್ಳೆಯ ಹಾಗೆ ಕೀಂಯ್ ಕೀಂಯ್ ಎನ್ನುತ್ತಿತ್ತು. ಆಫ್ ಮಾಡು, ಅಪ್ಪನಿಗೆ ತೊಂದರೆ ಎಂದೆ. ಅವಳು ಅಪ್ಪನ ಕಡೆ ಕೈ ತೋರಿಸಿದಳು. ಫೋನಿನ ಪಕ್ಕದಲ್ಲೇ ಕೂತು ಪೇಪರ್ ಮಡಿಸುತ್ತಿದ್ದಾರೆ, ಕಣ್ಣು ರೆಪ್ಪೆ ಅಲುಗಿಸಿಲ್ಲ.

“ಅಪ್ಪ ಧ್ಯಾನದಲ್ಲಿದ್ದಾರೆ. ಅವರಿಗೆ ಯಾವ ತೊಂದರೆನೂ ಇಲ್ಲ.”

ಎರಡನೇ ಉದಾಹರಣೆ. ಈ ಮನುಷ್ಯ ಇರುವವರೆಗೆ ನನ್ನ ‘ಓ’ ಅಕ್ಷರಕ್ಕೆ ಚಿಂತೆಯಿಲ್ಲ.

ಜೂನ್ ೧೦, ಸೋಮವಾರ

ಅರ್ಧವಿರಾಮ ವಾಕ್ಯವನ್ನು ತಿರಸ್ಕರಿಸಿದರು. ಕೆಟಲ್ ಚೆನ್ನಾಗಿದೆ ಎಂದರು. ನಾನು ಎದ್ದೆ. ಆಗ ಮುಂದುವರಿಸಿದರು.

“ಮೈಮರೆತ ಅಂತೀರಿ. ಮೈಮರೆಯೋಕೆ ಏನಾದ್ರೂ ಒಂದು ಬೇಕಲ್ಲ ಮೇಡಂ? ಇವನು ಏನು ಮಾಡ್ತಿದ್ದ?”

ಬಟ್ಟೆ ಮಡಿಸುತ್ತಿದ್ದ ಎಂದೆ. ಪ್ರೂಫ್ ಅಕ್ಕ ಮೂಲೆಯಿಂದ ನಕ್ಕರು. ನಮ್ಮ ಆಫೀಸಿನ ಹಳೇ ತಲೆ ಅವರು. ಅವರ ಕಣ್ತಪ್ಪಿ ಒಂದು ಚುಕ್ಕೆಯೂ ಪುಸ್ತಕಕ್ಕೆ ಹೋಗದು. ಬಟ್ಟೆ ಮಡಿಸ್ತಾ ಮೈಮರೆಯೋ ಗಂಡಸು ಸಿಕ್ಕರೆ ನಮ್ಮನೆಗೂ ಒಬ್ಬನ್ನ ಕಳಿಸಿ ಎಂದರು. ಎಲ್ಲರೂ ನಕ್ಕೆವು.

ಸಂಪಾದಕರು ನಗಲಿಲ್ಲ. ಏನೋ ಒಂದರಲ್ಲಿ ಮುಳುಗಿ ಉಳಿದದ್ದು ಮರೆತರೆ ಮೈಮರೆವು. ಯಾವುದರಲ್ಲೂ ಮುಳುಗದೆ ಸುಮ್ಮನೆ ತಲುಪದೇ ಹೋದರೆ ಅದು ಬೇರೆ, ಅದಕ್ಕೆ ಬೇರೆ ಮಾತು ಬೇಕು — ಎಂದು ಹೇಳಿ ವಾಕ್ಯದ ಮೇಲೆ ಪೆನ್ಸಿಲ್ಲಿನಿಂದ ಸಣ್ಣ ಗೆರೆ ಎಳೆದರು.

ಸರಿ ಅನ್ನಿಸಿತು. ಬಸ್ಸಿನಲ್ಲಿ ಬರುವಾಗ ಅದೇ ಮಾತು ಹಲ್ಲಿನಲ್ಲಿ ಸಿಕ್ಕ ನಾರಿನ ಹಾಗೆ. ಅವತ್ತು ಇವರು ಸುಮ್ಮನೇ ಟವೆಲ್ ಮಡಿಸುತ್ತಿದ್ದರು. ಪೇಪರ್ ಕೂಡ ಓದುತ್ತಿರಲಿಲ್ಲ, ಮಡಿಸುತ್ತಿದ್ದರು. ತಲೆ ಪಿಟೀಲಿನಲ್ಲಿತ್ತು ಎನ್ನುವುದು ನಾನು ಸೇರಿಸಿದ್ದು. ನಾನು ಕಂಡದ್ದಲ್ಲ.

ಜೂನ್ ೧೩, ಗುರುವಾರ

ಅರ್ಧ ದಿನ ರಜೆ. ಮನೆಯಲ್ಲಿದ್ದೆ. ಪಿಟೀಲು ಮೇಡಂ ಬಂದರು — ಎರಡು ಬೀದಿ ಆಚೆ ಮಕ್ಕಳಿಗೆ ಪಾಠ ಹೇಳುವವರು, ಇವರ ಹಳೆಯ ಗಿರಾಕಿ. ತಮ್ಮ ವಾದ್ಯವನ್ನು ಹೋದ ತಿಂಗಳು ಇವರ ಕೈಯಲ್ಲಿ ರಿಪೇರಿ ಮಾಡಿಸಿದ್ದರು. ಮೇಲಿನ ತಂತಿ ಎಳೆದಾಗ ಏನೋ ಸಣ್ಣಗೆ ಝುಂಯ್ ಎನ್ನುತ್ತದೆ ಎಂದು ವಾಪಸು ತಂದಿದ್ದರು.

ನಾನು ಒಳಗೆ ತರಕಾರಿ ಹೆಚ್ಚುತ್ತಿದ್ದೆ. ಇವರು ಕಮಾನು ಎಳೆದರು. ಸ್ವರದ ಬೆನ್ನಿಗೇ ಝುಂಯ್. ಗಾಜಿನ ಲೋಟದೊಳಗೆ ನೊಣ ಸಿಕ್ಕ ಹಾಗೆ. ಇವರು ಇನ್ನೊಮ್ಮೆ ಎಳೆದರು. ಇನ್ನೊಮ್ಮೆ ಝುಂಯ್. ಪಾಪ, ಈಗ ಕೂತು ಹುಡುಕಬೇಕಲ್ಲ ಅಂದುಕೊಂಡೆ. ಬದಿಯ ಅಂಟು ಎಲ್ಲೋ ಕೂದಲೆಳೆಯಷ್ಟು ಬಿಟ್ಟರೆ ಹೀಗಾಗುತ್ತದೆ ಎಂದು ಇವರಿಂದಲೇ ಕಲಿತದ್ದು.

“ಏನೂ ಇಲ್ಲವಲ್ಲ ಮೇಡಂ. ಗಂಟೆ ಹೊಡೆದ ಹಾಗಿದೆ. ನಿಮ್ಮ ಕೋಣೆಯದ್ದೇ ಇರಬೇಕು, ಕಿಟಕಿ ಗಾಜು ಅದುರ್ತಿರಬಹುದು.”

ಚಾಕು ಕೈಯಲ್ಲಿ ಹಿಡಿದು ನಿಂತುಬಿಟ್ಟೆ.

ಇವರಿಗೆ ಸುಳ್ಳು ಹೇಳಿ ಅಭ್ಯಾಸವಿಲ್ಲ. ಅಸಡ್ಡೆಯ ಕೆಲಸ ಮೊದಲೇ ಇಲ್ಲ. ಕಿವಿ ವಾದ್ಯದ ಹತ್ತಿರ ತಂದು, ಕಣ್ಣು ಮುಚ್ಚಿ, ಮೂರನೆಯ ಸಲ ಎಳೆದರು. ಅಡುಗೆಮನೆಯಲ್ಲಿದ್ದ ನನಗೆ ಕೇಳಿಸಿತು. ಮೇಡಂಗೆ ಕೇಳಿಸಿತು. ವಾದ್ಯಕ್ಕೆ ಗಲ್ಲ ಒತ್ತಿ ನಿಂತವರಿಗೆ ಕೇಳಿಸಲಿಲ್ಲ.

ಕೆಟಲ್. ಫೋನು. ಹೊಸ ಕಾಲಿಂಗ್ ಬೆಲ್ಲು ಸರಿಯಿಲ್ಲ ಎಂದು ಎರಡು ಸಲ ಬಿಚ್ಚಿ ನೋಡಿದ್ದು. ಮಗಳು ಮಾತು ನುಂಗುತ್ತಾಳೆ ಎಂದು ಗೊಣಗಿದ್ದು. ಸಣ್ಣ ಸದ್ದು, ಎತ್ತರದ ಸದ್ದು — ಎಲ್ಲ ಅದೇ ಜಾತಿ.

ಮೈಮರೆವಲ್ಲ. ತಲುಪುತ್ತಿಲ್ಲ.

ಜೂನ್ ೧೪, ಶುಕ್ರವಾರ

ಹೇಳಲಿಲ್ಲ. ನಾಳೆ.

ಜೂನ್ ೨೪, ಸೋಮವಾರ

ಹತ್ತು ದಿನ ಡೈರಿ ಮುಟ್ಟಲಿಲ್ಲ. ಬರೆದರೆ ಒಪ್ಪಿಕೊಂಡ ಹಾಗೆ.

ಇವರು ಖುಷಿಯಾಗಿದ್ದಾರೆ, ಅದೇ ತೊಡಕು. ಬೆಳಿಗ್ಗೆ ಸರೇಸು ಕಾಯಿಸುವಾಗ ಹಾಡಿಕೊಳ್ಳುತ್ತಾರೆ. ದನಿ ಯಾವತ್ತಿನ ಹಾಗೇ ದಪ್ಪ, ಯಾವತ್ತಿನ ಹಾಗೇ ಸ್ವಲ್ಪ ತಪ್ಪು. ಬಾಗಿಲ ಸಂದಿಯಿಂದ ನೋಡುತ್ತೇನೆ. ಇವರ ಕೆಲಸವೆಲ್ಲ ಕಿವಿಯ ಮೇಲೆ ನಿಂತಿದೆ. ಹೇಳಿದ ಮೇಲೆ ಆ ಬೆಂಚಿನ ಮುಂದೆ ಮತ್ತೆ ಹೀಗೆ ಕೂರುತ್ತಾರಾ? ಹೇಳದಿದ್ದರೆ ಯಾವುದೋ ಗಿರಾಕಿ ಹೇಳುತ್ತಾನೆ, ಅದೂ ನಾಲ್ಕು ಜನರ ಮುಂದೆ. ಎರಡೂ ಗೊತ್ತಿದ್ದೂ ದಿನಾ ತರಕಾರಿ ಹೆಚ್ಚುತ್ತೇನೆ.

ಇದು ಕರುಣೆಯಾ, ಹೆದರಿಕೆಯಾ? ಕರುಣೆ ಎಂದುಕೊಂಡರೆ ನಿದ್ದೆ ಚೆನ್ನಾಗಿ ಬರುತ್ತದೆ. ಅದಕ್ಕೇ ಅನುಮಾನ.

‘ಪರಿವೆ’ಯ ಪಕ್ಕ ನಿಂತು ನೋಡುವ ಇನ್ನೊಬ್ಬರ ಬಗ್ಗೆ ಬುದ್ಧಿವಂತಳ ಹಾಗೆ ಬರೆದಿದ್ದೆನಲ್ಲ. ಅವರಿಗೆ ಏನು ಕೆಲಸ ಎಂದು ಯೋಚಿಸಿರಲಿಲ್ಲ.

ಸಂಪಾದಕರು ಪದ ಎಲ್ಲಿಗೆ ಬಂತು ಎಂದು ಕೇಳಿದರು. ಇನ್ನೂ ಮನೆಯಲ್ಲೇ ಇದೆ ಎಂದೆ. ಬಾಡಿಗೆ ತಗೊಳ್ಳಿ ಎಂದರು. ಅವರು ಜೋಕ್ ಮಾಡುವುದು ವರ್ಷಕ್ಕೊಮ್ಮೆ, ನಗಬೇಕಾಯಿತು.

ಪ್ರೂಫ್ ಅಕ್ಕ ಮಾತ್ರ, ಯಾಕೆ ಈ ವಾರವೆಲ್ಲ ನಿಮ್ಮ ಮೂಲೆ ಇಷ್ಟು ತಣ್ಣಗಿದೆ ಎಂದರು. ನಾನು ಯಾವತ್ತೂ ಮಾತಿನ ಮಲ್ಲಿಯಲ್ಲ. ತಣ್ಣಗಿರದೆ ಇನ್ನೇನು?

ಜೂನ್ ೨೭, ಗುರುವಾರ

ಪಿಟೀಲು ಮೇಡಂ ಬಸ್ ಸ್ಟಾಪಿನಲ್ಲಿ ಸಿಕ್ಕರು. ಕೊಡೆ ಒಂದು ಕೈಯಿಂದ ಇನ್ನೊಂದು ಕೈಗೆ ಬದಲಿಸುತ್ತ ಬಹಳ ಹೊತ್ತು ಹವೆಯ ಬಗ್ಗೆ ಮಾತಾಡಿದರು. ಆಮೇಲೆ ವಿಷಯಕ್ಕೆ ಬಂದರು. ಆ ಸದ್ದು ಇನ್ನೂ ಇದೆ. ಮುಂದಿನ ತಿಂಗಳು ಮಕ್ಕಳನ್ನು ಕೂರಿಸಿಕೊಂಡು ಒಂದು ಕಾರ್ಯಕ್ರಮ ಕೊಡಬೇಕು. ವಾದ್ಯ ಬೇರೆ ಕಡೆ ತೋರಿಸಲಾ?

“ನಿಮ್ಮ ಯಜಮಾನರಿಗೆ ಬೇಜಾರಾಗುತ್ತೆ ಅಂತ ಅವತ್ತು ಸುಮ್ಮನಾದೆ. ಅವರ ಕೈ ಬಿಟ್ಟು ಬೇರೆ ಕೈಗೆ ಈ ವಾದ್ಯ ಕೊಟ್ಟವಳೇ ಅಲ್ಲ ನಾನು. ನೀವೇ ಹೇಳಿ, ಏನು ಮಾಡ್ಲಿ?”

ಅಂದರೆ ಅವರೂ ಸುಮ್ಮನಿದ್ದಾರೆ. ನಾನೂ ಸುಮ್ಮನಿದ್ದೇನೆ. ನಡುವೆ ಇವರೊಬ್ಬರು ಹಾಡುತ್ತಿದ್ದಾರೆ. ಹೀಗೇ ಒಬ್ಬೊಬ್ಬರಾಗಿ ಎಲ್ಲ ಗಿರಾಕಿಗಳೂ ಸುಮ್ಮನೆ, ಬಹಳ ಮರ್ಯಾದೆಯಿಂದ, ಬರುವುದನ್ನು ನಿಲ್ಲಿಸಬಹುದು.

ಇನ್ನೊಂದು ಸಲ ತಂದುಕೊಡಿ ಎಂದೆ. ನಾನಿರುವಾಗ.

ಜೂನ್ ೨೯, ಶನಿವಾರ, ಸಂಜೆ

ಹೇಳಿದೆ.

ವಾಕ್ಯಗಳನ್ನು ಸಿದ್ಧ ಮಾಡಿಕೊಂಡಿದ್ದೆ, ಆಫೀಸಿನ ರೀತಿ, ತಿದ್ದಿ ತೀಡಿ. ಒಂದೂ ಬಳಕೆಗೆ ಬರಲಿಲ್ಲ. ಮೇಡಂ ಬೆಳಿಗ್ಗೆ ವಾದ್ಯ ಬಿಟ್ಟುಹೋಗಿದ್ದರು. ಮಧ್ಯಾಹ್ನ ಇವರೇ ನನ್ನನ್ನು ಕರೆದು, ಕಮಾನು ಎಳೆದು, ನೀನೇ ಹೇಳು, ಆಯಮ್ಮನಿಗೆ ಭ್ರಮೆ ತಾನೇ ಎಂದರು. ಮುಖದಲ್ಲಿ ನಗು.

“ಇಲ್ಲ ರೀ. ಝುಂಯ್ ಅಂತಿದೆ.”

“ಯಾವಾಗ?”

“ಈಗ. ನೀವು ಎಳೀತಿದ್ದಾಗಲೇ.”

ಮತ್ತೆ ಎಳೆದರು. ಈ ಸಲ ತಂತಿ ನೋಡಲಿಲ್ಲ, ನನ್ನ ಮುಖ ನೋಡಿದರು. ಈಗ? — ಹೂಂ. ಕೆಳಗಿನ ತಂತಿ. ಈಗ? — ಇಲ್ಲ. ಮತ್ತೆ ಮೇಲಿನದು. ಈಗ? ನಾನು ಬಾಯಿ ತೆರೆಯುವ ಮುಂಚೆಯೇ ಅವರಿಗೆ ಗೊತ್ತಾಯಿತು. ಕಮಾನು ಕೆಳಗಿಟ್ಟರು. ಗೋಡೆಯ ಪಿಟೀಲುಗಳನ್ನು ಒಂದೊಂದಾಗಿ ನೋಡಿದರು. ಅವನ್ನೆಲ್ಲ ಈ ಕಿವಿಯೇ ಪಾಸು ಮಾಡಿತ್ತು.

ಮೊದಲು ಕೆಲಸದ ಮಾತು ಆಡಿದರು. ನನ್ನ ಹೆಬ್ಬೆರಳು ಹಿಡಿದು ವಾದ್ಯದ ಅಂಚಿಗೆ ಇಟ್ಟರು. ನಾನು ಎಳೆಯುತ್ತಿರುತ್ತೇನೆ, ನೀನು ಒತ್ತುತ್ತ ಸುತ್ತ ಬಾ, ಎಲ್ಲಿ ನಿಲ್ಲುತ್ತದೋ ಹೇಳು. ಒತ್ತುತ್ತ ಹೋದೆ. ಪಿಟೀಲಿನ ಸೊಂಟದ ತಿರುವಿನ ಹತ್ತಿರ ಝುಂಯ್ ನಿಂತಿತು. ಇಲ್ಲಿ ಎಂದೆ. ಉಗುರಿನಿಂದ ಗುರುತು ಮಾಡಿಕೊಂಡರು. ಅಂಟು ಬಿಟ್ಟಿತ್ತು, ಕಣ್ಣಿಗೆ ಕಾಣದಷ್ಟು.

ಆಮೇಲೆ, ವಾದ್ಯ ಬೆಂಚಿನ ಮೇಲೆ ಮಲಗಿಸುತ್ತ —

“ಎಷ್ಟು ದಿನದಿಂದ ಗೊತ್ತು ನಿನಗೆ?”

“ಮೇಡಂ ಮೊದಲ ಸಲ ಬಂದಾಗಿಂದ.”

“ಅಂದ್ರೆ ನಾನಿಲ್ಲಿ ಹಾಡ್ಕೊಂಡು ಕೂತಿದ್ದಾಗೆಲ್ಲ ನೀನು ನೋಡ್ತಾ ಇದ್ದೆ.”

ಕೋಪದ ದನಿಯಲ್ಲ. ಕೋಪವಾಗಿದ್ದರೆ ಅಡ್ಡಿಯಿರಲಿಲ್ಲ, ತಿರುಗಿಸಿ ಒಂದು ಮಾತು ಅನ್ನಬಹುದಿತ್ತು.

“ಕಿವಿ ಬಿಡು, ವಯಸ್ಸಾಯ್ತು, ಅದು ಅದರ ಕೆಲಸ ಮಾಡಿದೆ. ಆದ್ರೆ ಒಂದೇ ಮನೇಲಿ ಒಬ್ಬರಿಗೆ ಗೊತ್ತಿದ್ದು ಇನ್ನೊಬ್ಬರಿಗೆ ಗೊತ್ತಿಲ್ಲದ ಹಾಗೆ ಇರಬಾರದು ಕಣೇ.”

ಅಂಗಿ ಹಾಕಿಕೊಂಡು ಹೊರಗೆ ಹೋದರು. ಇನ್ನೂ ಬಂದಿಲ್ಲ. ಸರೇಸಿನ ಪಾತ್ರೆ ಒಲೆಯ ಮೇಲೇ ಇತ್ತು. ಒಲೆ ಆರಿಸಿದೆ.

ಜೂನ್ ೩೦, ಭಾನುವಾರ

ಹಾಡಿಲ್ಲ. ಪಾತ್ರೆ ತೊಳೆದರು, ಮಗಳ ಸೈಕಲ್ಲಿಗೆ ಗಾಳಿ ಹಾಕಿದರು, ನನಗೆ ಸೇಬು ಹೆಚ್ಚಿಕೊಟ್ಟರು. ಎಲ್ಲ ಸರಿಯಾಗಿಯೇ ಇದೆ. ಹಾಡಿಲ್ಲ, ಅಷ್ಟೇ.

ಜುಲೈ ೬, ಶನಿವಾರ

ಕಿವಿ ಪರೀಕ್ಷೆ. ಇವರೇ ಅಪಾಯಿಂಟ್‌ಮೆಂಟ್ ತೆಗೆದುಕೊಂಡಿದ್ದರು. ನೀನೂ ಬಾ ಎಂದರು. ಆ ಎರಡು ಪದ ಕೇಳಿ ವಾರದಿಂದ ಭುಜದ ಮೇಲೆ ಕೂತಿದ್ದೇನೋ ಇಳಿಯಿತು.

ಗಾಜಿನ ಕಿಟಕಿಯ ಪುಟ್ಟ ಕೋಣೆ. ಒಳಗೆ ಕುರ್ಚಿ, ಕಿವಿಗೆ ಹೆಡ್‌ಫೋನು, ಸದ್ದು ಕೇಳಿಸಿದಾಗ ಒತ್ತಲು ಕೈಯಲ್ಲೊಂದು ಗುಂಡಿ. ಹೊರಗೆ ಪರೀಕ್ಷೆ ಮಾಡುವ ಹುಡುಗಿ. ಇವರದ್ದು ಮುಗಿಯಿತು. ಕೆಳಗಿನ ಸ್ವರಗಳೆಲ್ಲ ಜೋಪಾನವಾಗಿವೆ, ಮೇಲಿನವು ಜಾರಿವೆ ಎಂದಳು. ನಿಧಾನವಾಗಿ ಆದದ್ದು, ಹಾಗಾಗಿ ತಿಳಿದಿಲ್ಲ. ಯಂತ್ರ ಹಾಕಿಕೊಂಡರೆ ಬಹಳಷ್ಟು ವಾಪಸು ಬರುತ್ತದೆ, ಎಲ್ಲವೂ ಅಲ್ಲ. ಪಿಟೀಲು ಕೆಲಸ ಮಾಡಬಹುದಾ ಎಂದು ಇವರು ಕೇಳಿದರು. ಅವಳು ಯೋಚಿಸಿ, ಮಾಡಿ, ಆದರೆ ತೀರಾ ಮೇಲಿನದ್ದಕ್ಕೆ ಇನ್ನೊಂದು ಕಿವಿ ಜೊತೆಗಿಟ್ಟುಕೊಳ್ಳಿ ಎಂದಳು. ಇವರು ನನ್ನ ಕಡೆ ತಿರುಗಿದರು.

“ಹಾಗಾದ್ರೆ ಇವಳದ್ದೂ ಒಂದು ಸಲ ನೋಡಿಬಿಡಿ. ಸ್ಪೇರ್ ಪಾರ್ಟ್ ಗಟ್ಟಿ ಇದೆಯಾ ಅಂತ.”

ಒಳಗೆ ಕೂತೆ. ಸದ್ದು ಬಂತು, ಒತ್ತಿದೆ. ಬಂತು, ಒತ್ತಿದೆ. ಆಮೇಲೆ ಸುಮ್ಮನಾಯಿತು. ಮುಗಿಯಿತೆಂದು ಆರಾಮಾಗಿ ಗಾಜಿನಾಚೆ ನೋಡಿದೆ. ಹುಡುಗಿಯ ಬೆರಳು ಇನ್ನೂ ಸದ್ದು ಕಳಿಸುವ ಗುಂಡಿ ಒತ್ತುತ್ತಿತ್ತು. ಒತ್ತಿ, ನನ್ನನ್ನು ನೋಡಿ, ಮತ್ತೆ ಒತ್ತುತ್ತಿತ್ತು. ಅವಳ ಹಿಂದೆ ನಿಂತ ಇವರೂ ನೋಡುತ್ತಿದ್ದರು.

ನನ್ನ ಪಾಲಿಗೆ ಅಲ್ಲಿ ಕತ್ತಲೂ ಇರಲಿಲ್ಲ, ಕೊರತೆಯೂ ಇರಲಿಲ್ಲ. ಸುಖವಾಗಿ ಕೂತಿದ್ದೆ. ಎಷ್ಟು ವಾರ ಹುಡುಕಿದ ಅರ್ಥ! ಹೀಗಿರುತ್ತದೆ ಎಂದು ಯಾವ ನಿಘಂಟಿನಲ್ಲೂ ಬರೆಯಲಾಗದು.

ನನ್ನದು ವಯಸ್ಸಿಗೆ ತಕ್ಕ ಹಾಗಿದೆಯಂತೆ. ಬಸ್ಸಿನಲ್ಲಿ ಇವರು ಕಿಟಕಿ ಸೀಟು ನನಗೆ ಬಿಟ್ಟರು. ಆ ಹುಡುಗಿ ಅಷ್ಟು ಹೊತ್ತು ಗುಂಡಿ ಒತ್ತಿದರೂ ನೀನು ಮಹಾರಾಣಿ ಹಾಗೆ ಕೂತಿದ್ದೆ ಎಂದರು. ನಕ್ಕೆವು. ಹೇಳದೆ ಇದ್ದದ್ದಕ್ಕೆ ಏನಾದರೂ ಹೇಳಬೇಕೆಂದು ಬಾಯಿ ತೆರೆದೆ. ಗೊತ್ತು ಬಿಡು ಎಂದರು.

ಜುಲೈ ೧೬, ಮಂಗಳವಾರ

ಯಂತ್ರ ಬಂತು. ಗೋಡಂಬಿಗಿಂತ ಸ್ವಲ್ಪ ದೊಡ್ಡದು, ಕಿವಿಯ ಹಿಂದೆ ಕೂರುತ್ತದೆ. ಸಂಜೆಯೆಲ್ಲ ಇವರು ಮನೆಯಲ್ಲಿ ಕಳ್ಳನ ಹಾಗೆ ಓಡಾಡಿದರು. ಪ್ಲಾಸ್ಟಿಕ್ ಚೀಲಕ್ಕೆ ಇಷ್ಟು ಬಾಯಿ ಇದೆಯಾ? ನಮ್ಮ ಫ್ಯಾನು ಹೀಗೆ ಅಳುತ್ತಾ? ಮಗಳು ಫೋನು ಕೀಂಯ್‌ಗುಟ್ಟಿಸಿ ನೋಡಿದಳು. ಇದೇನು ದರಿದ್ರ ಸದ್ದು, ಆಫ್ ಮಾಡು ಎಂದರು. ಧ್ಯಾನ ಮುಗಿಯಿತು ಎಂದು ಅವಳು ನಿಟ್ಟುಸಿರಿಟ್ಟಳು.

ಊಟವಾದ ಮೇಲೆ ನಾನು ಇಲ್ಲೇ ಮೇಜಿನ ಹತ್ತಿರ ‘ಪಿ’ ಕಟ್ಟಿನ ಪ್ರೂಫ್ ತಿದ್ದುತ್ತಿದ್ದೆ. ತಲೆಯೆತ್ತಿದರೆ ಇವರು ಬಾಗಿಲಲ್ಲಿ ನಿಂತಿದ್ದಾರೆ. ಎಷ್ಟು ಹೊತ್ತಿನಿಂದಲೋ. ಕಣ್ಣು ಒದ್ದೆ.

ಏನಾಯ್ತು, ಯಂತ್ರ ನೋಯ್ತಿದೆಯಾ ಎಂದು ಗಾಬರಿಯಿಂದ ಎದ್ದೆ. ಕೂತ್ಕೋ, ಕೂತ್ಕೋ, ಬರಿ ಎಂದರು.

“ನೀನು ಸಿಳ್ಳೆ ಹಾಕ್ತಿದ್ದೆ.”

ನಾನಾ? ಸಿಳ್ಳೆಯಾ? ಜನ್ಮದಲ್ಲಿ ನನಗೆ ಸಿಳ್ಳೆ ಬಂದಿಲ್ಲ.

“ಬಾಯಲ್ಲಲ್ಲ, ಹಲ್ಲಿನ ಸಂದೀಲಿ. ಸಣ್ಣಗೆ, ಉಸಿರಿನ ಹಾಗೆ. ಬರೆಯುವಾಗ ಮೊದಲಿಂದಲೂ ಹಾಕ್ತೀಯ. ಕೆಲಸ ಹಿಡಿಸಿದ್ರೆ ಹಾಕ್ತೀಯ. ಬರ್ತಾ ಬರ್ತಾ ನಿಲ್ಲಿಸಿಬಿಟ್ಟೆ ಅಂದ್ಕೊಂಡಿದ್ದೆ.”

ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ತಮಗೆ ಕೇಳಿಸದೇ ಹೋದದ್ದನ್ನು ನಾನೇ ನಿಲ್ಲಿಸಿದ್ದೇನೆ ಎಂದುಕೊಂಡರು. ಎಂದರೆ ನನಗೆ ಕೆಲಸ ಬೇಸರವಾಗಿದೆ. ಅಥವಾ ಮನೆ ಬೇಸರವಾಗಿದೆ. ಅಥವಾ ಇವರೇ. ಅವತ್ತು ಚಹಾ ಕುಡಿಯುವಾಗ ಕೇಳಿದ ಪ್ರಶ್ನೆ ಅಲ್ಲಿಂದ ಬಂದದ್ದು.

ಸಿಳ್ಳೆ ಯಾಕೆ ನಿಂತಿತು ಎಂದೇ ಬಾಯಿ ಬಿಟ್ಟು ಕೇಳಬಾರದಿತ್ತಾ ಎಂದೆ. ಹೌದು, ನೀನು ಬೇಜಾರಾಗಿದೆ ಅಂದುಬಿಟ್ಟರೆ ಎಂದು ಹೆದರಿಕೆ ಎಂದರು.

ಒಂದೇ ಮನೆಯಲ್ಲಿ ಒಬ್ಬರಿಗೆ ಗೊತ್ತಿದ್ದು ಇನ್ನೊಬ್ಬರಿಗೆ ಗೊತ್ತಿಲ್ಲದ ಹಾಗೆ ಇರಬಾರದು ಕಣ್ರೀ ಎಂದೆ. ಅವರದೇ ಮಾತು, ಅವರದೇ ದನಿಯಲ್ಲಿ. ಅವರು ನಗುತ್ತ ಬಾಗಿಲಿಗೆ ಒರಗಿದರು. ಮಗಳು ಒಳಗಿನಿಂದ, ಅಮ್ಮ ಸಿಳ್ಳೆ ಹಾಕುವುದು ಲೋಕಕ್ಕೆಲ್ಲ ಗೊತ್ತು, ಅದರಲ್ಲಿ ಅಳುವುದು ಏನಿದೆ ಎಂದು ಕೂಗಿದಳು.

ಜುಲೈ ೧೭, ಬುಧವಾರ

ಆಫೀಸಿಗೆ ಹೋದವಳೇ ಪ್ರೂಫ್ ಅಕ್ಕನನ್ನು ಕೇಳಿದೆ. ಅವರು ಕನ್ನಡಕ ತೆಗೆದು ನನ್ನನ್ನು ಪಾಪದವಳನ್ನು ನೋಡುವ ಹಾಗೆ ನೋಡಿದರು.

“ನೀವು ಸೇರಿದ ದಿನದಿಂದ ಹಾಕ್ತಿದ್ದೀರಲ್ಲಮ್ಮ. ಪದ ಸಿಕ್ಕಿದ್ರೆ ರಾಗ ಏರುತ್ತೆ, ಸಿಗದಿದ್ರೆ ಬರೀ ಗಾಳಿ. ನಿಮಗೇ ಗೊತ್ತಿಲ್ವಾ?”

ಇಡೀ ಆಫೀಸಿಗೆ ಗೊತ್ತು! ಹೋದ ತಿಂಗಳು ಮೂಲೆ ತಣ್ಣಗಾಗಿತ್ತು ಎಂದದ್ದು ಅದಕ್ಕೇ. ಆ ಎರಡು ವಾರ ನಿಜವಾಗಿಯೂ ನಿಂತಿತ್ತಂತೆ.

ವಾಕ್ಯ ಬರೆದು ಸಂಪಾದಕರಿಗೆ ಕೊಟ್ಟೆ. ‘ಪರಿವೆಯಿಲ್ಲದ. ಬರೆಯುವಾಗ ತಾನು ಸಿಳ್ಳೆ ಹಾಕುತ್ತಿರುವುದರ ಪರಿವೆಯೇ ಅವಳಿಗಿರಲಿಲ್ಲ.’ ಮೈಮರೆವಿಗೂ ಇದಕ್ಕೂ ಇರುವ ವ್ಯತ್ಯಾಸವನ್ನು ಕೆಳಗೆ ಎರಡು ಸಾಲಿನಲ್ಲಿ ಹೇಳಿದ್ದೆ. ಓದಿ, ಇದು ಕಂಡದ್ದೇ ಎಂದು ಕೇಳಿದರು. ಕಂಡದ್ದಲ್ಲ, ಬೇರೆಯವರು ಕೇಳಿಸಿಕೊಂಡದ್ದು ಎಂದೆ. ಸರಿ ಎಂದು ಟಿಕ್ ಹಾಕಿದರು. ನಾನು ಎದ್ದೆ. ಆಗ ಮುಂದುವರಿಸಿದರು. ನಮಗೆಲ್ಲ ಅದು ಕೇಳಿಸುತ್ತಿದೆ ಎಂದು ಗೊತ್ತಾದ ಮೇಲೆ ದಯವಿಟ್ಟು ನಿಲ್ಲಿಸಬೇಡಿ ಎಂದರು.

ಫ್ರಿಜ್ಜಿನ ಬಾಗಿಲಿನಿಂದ ಚೀಟಿ ತೆಗೆದೆ. ಅಂಟಿನ ಗುರುತು ಉಳಿದಿದೆ.

ಜುಲೈ ೨೧, ಭಾನುವಾರ, ಮಧ್ಯಾಹ್ನ

ಪಿಟೀಲು ಮೇಡಂ ವಾದ್ಯ ತೆಗೆದುಕೊಂಡು ಹೋಗಲು ಬಂದಿದ್ದರು. ಇವರು ಕಿವಿಯ ಹಿಂದಿನದನ್ನು ತಾವೇ ತೋರಿಸಿದರು. ಇನ್ನು ಮೇಲೆ ಮೇಲಿನ ತಂತಿಯ ದೂರುಗಳನ್ನು ನನ್ನ ಹೆಂಡತಿಗೆ ಹೇಳಬೇಕು, ನನ್ನದು ಕೆಳಗಿನ ಮೂರು ತಂತಿ ಮಾತ್ರ ಎಂದರು. ಮೇಡಂ ಕಮಾನು ಎಳೆದು ಕಣ್ಣು ಮುಚ್ಚಿ ನಿಂತರು. ಇವರು ನನ್ನನ್ನು ನೋಡಿದರು. ನಾನು ಇಲ್ಲ ಎಂದು ತಲೆಯಾಡಿಸಿದೆ. ನಿಜಕ್ಕೂ ಇರಲಿಲ್ಲ.

ಬೇರೆ ಗಿರಾಕಿಗಳಿಗೂ ಒಬ್ಬೊಬ್ಬರಿಗೇ ಫೋನ್ ಮಾಡುತ್ತಿದ್ದಾರೆ. ಈ ವರ್ಷ ರಿಪೇರಿಯಾದ ವಾದ್ಯ ಒಮ್ಮೆ ತನ್ನಿ, ಇನ್ನೊಂದು ಕಿವಿಗೆ ತೋರಿಸಬೇಕು ಎಂದು. ಇಬ್ಬರು ಬರುತ್ತೇನೆಂದರು, ಒಬ್ಬರು ನೋಡೋಣ ಎಂದರು. ನೋಡೋಣ ಎಂದವರು ಬರಲಿಕ್ಕಿಲ್ಲ. ಅದು ಇವರಿಗೂ ಗೊತ್ತು, ನನಗೂ ಗೊತ್ತು. ಇಬ್ಬರಿಗೂ ಗೊತ್ತಿರುವುದರಿಂದ ಅಷ್ಟು ಭಾರವಿಲ್ಲ.

ಭಾನುವಾರ ಬೆಳಿಗ್ಗೆ ನನಗೆ ಮುಂದಿನ ಕೋಣೆಯಲ್ಲಿ ಡ್ಯೂಟಿ. ಒತ್ತು, ಸರಿ, ಈಗ? ಇದೆಯಾ? ಹೋಯ್ತಾ? ಸಂಬಳ ಒಂದು ಕಪ್ ಚಹಾ.

ಹಾಡು ಶುರುವಾಗಿದೆ. ಈಗ ಸ್ವಲ್ಪ ಕಡಿಮೆ ತಪ್ಪು. ಯಂತ್ರದ ದೆಸೆಯಿಂದ ತಮಗೇ ಕೇಳಿಸುತ್ತಿರಬೇಕು. ಇದೊಂದು ನಷ್ಟ, ಹಳೆಯ ತಪ್ಪು ನನಗೆ ಅಭ್ಯಾಸವಾಗಿತ್ತು.

ನನ್ನ ಸಿಳ್ಳೆಯನ್ನು ಹಿಡಿಯಲು ಮೂರು ದಿನದಿಂದ ಹೊಂಚು ಹಾಕಿದ್ದೇನೆ. ಕಿವಿಗೊಟ್ಟರೆ ಇರುವುದಿಲ್ಲ. ಬರವಣಿಗೆಗೆ ಇಳಿದರೆ ಕಿವಿಗೊಡಲು ಮರೆತಿರುತ್ತೇನೆ. ಈಗ, ಈ ಸಾಲು ಬರೆಯುತ್ತಿರುವಾಗ, ಖಂಡಿತ ಇಲ್ಲ. ತುಟಿ ಮುಚ್ಚಿ ಕೂತಿದ್ದೇನೆ. ಮುಂದಿನ ಕೋಣೆಯಲ್ಲಿ ಹಾಡು ನಿಂತಿದೆ. ಸರೇಸು ಕಲಕುವ ಸದ್ದೂ ಇಲ್ಲ. ಏನು ರೀ ಎಂದು ಕೂಗಿದೆ. ಏನಿಲ್ಲ, ಬರಿ ಬರಿ, ಆಮೇಲೆ ಹೇಳ್ತೀನಿ ಎಂದರು. ದನಿಯಲ್ಲಿ ನಗು. ಅಂದರೆ ಈಗಲೂ ನಾನು —